ಇಡ್ಲಿ ಮುಂದೆ ಸಿಕ್ಕ ಕಪ್ಪು ಕೋಟು

ವಕೀಲರನ್ನು ಹಿಡಿಯುವುದು ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಕಪ್ಪು ಕೋಟು ಕಂಡರೆ ನಮಸ್ಕಾರ ಹಾಕುವುದು, ಕಷ್ಟ ಹೇಳಿಕೊಳ್ಳುವುದು, ಗೆದ್ದು ಮನೆಗೆ ಬರುವುದು. ಅಷ್ಟೇ ತಾನೆ?

ನಾನಾಗ ಗಂಡಸಿಯಲ್ಲಿ ಪೋಸ್ಟಾಫೀಸಿನ ಗುಮಾಸ್ತ. ಕಣಕಟ್ಟೆಯಲ್ಲಿ ಅಪ್ಪ ಬಿಟ್ಟುಹೋದ ತೆಂಗಿನ ತೋಟವಿತ್ತು. ಪಕ್ಕದ ತೋಟದ ರಂಗಪ್ಪ ಒಂದು ದಿನ ಬೇಲಿ ಕಿತ್ತು ಈಚೆಗೆ ಹಾಕಿದ. ಅಪ್ಪ ನೀರು ಹೊತ್ತು ಬೆಳೆಸಿದ ಮೂರು ಮರ ಅವನ ಕಡೆಗೆ ಹೋದವು. ನನಗೆ ಹೊಟ್ಟೆ ಉರಿಯಿತು.

"ಹೋಗಿ ಒಂದು ಮಾತು ಮಾತಾಡಿ ಬನ್ನಿ" ಎಂದಳು ಹೆಂಡತಿ ಶಾರದೆ.

"ಮಾತಾಡೋಕೇ ಲಾಯರ್ ಇಡ್ತಿರೋದು ಕಣೇ."

ಮೊದಲ ಬಸ್ಸಿಗೇ ಅರಸೀಕೆರೆಗೆ ಹೋದೆ. ಕೋರ್ಟು ತೆರೆಯಲು ಇನ್ನೂ ಹೊತ್ತಿತ್ತು. ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಎದುರು ಕುರ್ಚಿಗೆ ಬಂದು ಕೂತಿತು, ಕಪ್ಪು ಕೋಟು. ದೇವರೇ ಕಳಿಸಿದ ಎಂದುಕೊಂಡೆ.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ನಾನು ಒಂದಕ್ಷರ ಮುಚ್ಚಿಡಲಿಲ್ಲ. ಅವರು ಇಡ್ಲಿ ಮುರಿಯುತ್ತಾ "ಆಮೇಲೆ?" ಎನ್ನುತ್ತಿದ್ದರು. ಎಂಥ ತಾಳ್ಮೆಯ ಲಾಯರು!

ಕೊನೆಗೆ ಮುಂದಕ್ಕೆ ಬಾಗಿ, ಹೆಂಡತಿಗೂ ಹೇಳದಿದ್ದ ಗುಟ್ಟು ಬಿಟ್ಟೆ. "ನಿಜ ಹೇಳ್ಬೇಕು ಅಂದ್ರೆ ಸ್ವಾಮಿ, ಹಿಂದೆ ನಮ್ಮಪ್ಪಾನೇ ಗಡಿಕಲ್ಲು ಕಿತ್ತು ರಂಗಪ್ಪನ ಕಡೆಗೆ ನೆಟ್ಟಿದ್ರು. ಆಮೇಲೇ ಆ ಮೂರು ಸಸಿ ಹಾಕಿದ್ದು. ಇದು ನಮ್ಮಿಬ್ಬರಲ್ಲೇ ಇರ್ಲಿ."

ಅವರು ಕೈ ತೊಳೆದುಕೊಂಡು ಬಂದರು. "ನೋಡಿ, ನಾನು ಲಾಯರ್ ಅಲ್ಲ. ರೈಲಲ್ಲಿ ಟಿಕೆಟ್ ಚೆಕ್ ಮಾಡೋನು."

ನನ್ನ ಬಾಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು.

"ಇನ್ನೊಂದು ವಿಷಯ. ಕಣಕಟ್ಟೆ ರಂಗಪ್ಪ ನನಗೆ ಹೆಣ್ಣು ಕೊಟ್ಟ ಮಾವ."

ಇಷ್ಟಾದ ಮೇಲೂ ಛಲ ಬಿಡದೆ ಕೋರ್ಟಿನ ಹಿಂದಿದ್ದ ಒಬ್ಬ ಹಿರಿಯ ವಕೀಲರ ಆಫೀಸಿಗೆ ಹೋದೆ. ಈ ಸಲ ಹುಷಾರಾಗಿದ್ದೆ.

"ಏನ್ ಕೇಸು?" ಎಂದರು.

"ಅದಿರ್ಲಿ. ನಿಮ್ಮ ಹೆಂಡತಿ ಯಾವೂರಿನೋರು?"

ಅವರು ಕನ್ನಡಕ ತೆಗೆದರು. "ಯಾಕ್ರೀ, ಸಂಬಂಧ ಕೇಳೋಕೆ ಬಂದ್ರಾ?"

ತಡವರಿಸುತ್ತಾ ಎಲ್ಲ ಹೇಳಿದೆ. ಅವರು ನಗದೆ ಕೇಳಿಸಿಕೊಂಡದ್ದು ದೊಡ್ಡ ಗುಣ. "ನಿಮ್ಮದಲ್ಲದ ಮರಾನ ನಿಮ್ಮದು ಮಾಡಿಕೊಡೋದು ಲಾಯರ್ ಕೆಲಸ ಅಲ್ಲ. ಕಾಗದ ನೋಡಿ, ದಾರಿ ಐತೋ ಇಲ್ವೋ ಹೇಳೋದು. ಪಹಣಿ, ನಕ್ಷೆ ತಂದಿದೀರಾ?"

"ಇಲ್ಲ."

"ಅಳತೆ ಮಾಡಿಸಿದ್ರೆ ಕಲ್ಲು ಎಲ್ಲಿಗೆ ಬರುತ್ತೆ?"

"ರಂಗಪ್ಪ ಬೇಲಿ ಹಾಕಿರೋ ಕಡೆಗೇ."

"ಹಾಗಾದ್ರೆ ವಕಾಲತ್ತಿಗೆ ಸಹಿ ಹಾಕ್ಬೇಡಿ. ಬಸ್ ಹತ್ತಿ."

ಮಾರನೆಯ ಬೆಳಿಗ್ಗೆ ರಂಗಪ್ಪನೇ ನಮ್ಮ ಜಗಲಿ ಮೇಲೆ ಹಾಜರು. ಅಳಿಯ ಫೋನು ಮಾಡಿದ್ದನಂತೆ. ನಾನು ಬಚ್ಚಲುಮನೆ ಸೇರಿಕೊಂಡೆ. ಶಾರದೆ ಕಾಫಿ ಕೊಟ್ಟು ಮಾತಾಡಿಸಿದಳು. ನಾನು ಹೊರಬರುವಷ್ಟರಲ್ಲಿ ತೀರ್ಮಾನ ಮುಗಿದಿತ್ತು.

"ಮರ ನಮ್ಮವೇ ಕಣಯ್ಯ. ಆದ್ರೂ ನೀರು ಹೊತ್ತೋನು ನಿಮ್ಮಪ್ಪ. ಮೂರರಲ್ಲಿ ಆ ಕೆಂದೆಂಗಿನ ಮರದ ಕಾಯಿ ನಿಮ್ಮನೇಗೇ ಇರ್ಲಿ" ಎಂದ ರಂಗಪ್ಪ. ನನಗೆ ನಾಚಿಕೆ ಆಯಿತು.

ಅವನ ಅಳಿಯ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. ರೈಲಿನಲ್ಲಿ ಸಿಕ್ಕಾಗಲೆಲ್ಲ ಬಾಗಿ, ಮೆಲ್ಲಗೆ, "ಕಕ್ಷಿದಾರರೇ, ನಿಜ ಹೇಳಿ, ಟಿಕೆಟ್ ಇದೆಯಾ?" ಎಂದು ಕೇಳುತ್ತಾನೆ.

ನಾನು ಬಾಯಿ ಬಿಡುವುದಿಲ್ಲ. ಟಿಕೆಟ್ ತೋರಿಸುತ್ತೇನೆ.