ಸುಟ್ಟದ್ದು ಕಂಡಿತು, ಯಾಕೆ ಸುಟ್ಟಿತು?

ತಡೆಯಿರಿ, ಏಳಬೇಡಿ! ನಮ್ಮ ಸೋದರಮಾವನ ಸಂಗತಿ ಕೇಳಿಕೊಂಡೇ ಹೋಗಿ. ಬೇಡಕಿಹಾಳದಲ್ಲಿ ಅವನದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು. ಗಿರಾಕಿ ಬಂದ ಕೂಡಲೇ ಅವನು ಮಾಡುವ ಮೊದಲ ಕೆಲಸ ಯಾವುದು ಗೊತ್ತೇ? ಕೆಲಸ ಮಾಡದಿರುವುದು!

ಇದಕ್ಕೆಲ್ಲ ಮೂಲ ನಿಪ್ಪಾಣಿಯ ಬುದ್ಧವಿಹಾರ. ಒಂದು ಹುಣ್ಣಿಮೆಗೆ ಅಲ್ಲಿ ಬೌದ್ಧ ಭಿಕ್ಷು ಭಂತೇಜಿಯೊಬ್ಬರು ‘ಯೋನಿಸೋ ಮನಸಿಕಾರ’ ಎಂದರೇನು ಅಂತ ಹೇಳಿಕೊಟ್ಟರಂತೆ. ಕಂಡದ್ದರ ಮೇಲೆ ಹಾರಿ ಬೀಳಬೇಡ, ಅದು ಹುಟ್ಟಿದ ಬುಡದ ತನಕ ಗಮನ ಇಳಿಸು, ಇಷ್ಟೇ. ಉಳಿದವರು ಕೇಳಿ, ಕೈಮುಗಿದು, ಖೀರು ಕುಡಿದು ಮನೆಗೆ ಹೋದರು. ಮಾಮಾ ಅದನ್ನು ಅಂಗಡಿಗೇ ತಂದುಬಿಟ್ಟ!

ಊರವರು ಹುಚ್ಚ ಎನ್ನುತ್ತಾರೆ. ಅನ್ನಲಿ! ನಾನು ಅವನ ಶಿಷ್ಯೆ. ಅರ್ಧ ಕೆಲಸ ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ, ಅರ್ಧ ಅವನ ಪಕ್ಕ ಕೂತು. ಐದು ಮೋಟಾರು ಸುತ್ತಿದ್ದೇನೆ, ಒಂದೂ ತಿರುಗಿ ಬಂದಿಲ್ಲ. ಆದರೆ ನಮ್ಮಪ್ಪನಿಗೆ ಇದು ಸುತರಾಂ ಸೇರದು. ಎರಡು ತಿಂಗಳಿಂದ ಅವನು ‘ಬಿಡು’ ಎನ್ನುತ್ತಾನೆ, ನಾನು ‘ಬಿಡೂದಿಲ್ಲ’ ಎನ್ನುತ್ತೇನೆ. ಮನೆಯಲ್ಲಿ ಬೇರೆ ಮಾತೇ ಇಲ್ಲ.

ಅಕ್ಕೋಳದ ರೈತನೊಬ್ಬ ಬಂದ.

“ಮೋಟಾರ್ ಸುಟ್ಟೈತ್ರಿ, ಲಗೂ ಸುತ್ತಿ ಕೊಡ್ರಿ.”

“ಸುಟ್ಟದ್ದು ಕಂಡೈತಿ. ಯಾಕ ಸುಟ್ಟೈತಿ?”

“ಅದು ಗೊತ್ತಿದ್ರ ನಾನs ಅಂಗಡಿ ಹಾಕ್ತಿದ್ದೆ!”

ಮಾಮಾ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ಅವನ ಬಾವಿಗೇ ಹೋದ. ಸ್ಟಾರ್ಟರ್ ಡಬ್ಬಿಯ ಎದುರು ಮುಕ್ಕಾಲು ಗಂಟೆ ಕೂತ. ಕೊನೆಗೆ ಸಿಕ್ಕಿತು: ಒಂದು ಫೇಜು ಕೂಡುವಲ್ಲಿ ಸಿಕ್ಕಿಬಿದ್ದು ಸತ್ತ ಹಲ್ಲಿ! ಮೂರು ಫೇಜು ಬೇಕಾದಲ್ಲಿ ಎರಡರಲ್ಲೇ ಹೆಣಗಿ ಹೆಣಗಿ ಮೋಟಾರು ಸುಟ್ಟಿತ್ತು. ಅದೂ ಎರಡನೇ ಸಲ. ರೈತ ಹಣೆ ಹಣೆ ಬಡಿದುಕೊಂಡ. “ಹೋದ ಸಲ ಸುತ್ತಿ ಕೊಟ್ಟಾಂವಗ ಹಲ್ಲಿ ಕಾಣ್ಲಿಲ್ಲೇನ್ರಿ?” “ಅಂವಗ ಮೋಟಾರ್ ಅಷ್ಟs ಕಂಡೈತಿ” ಎಂದ ಮಾಮಾ.

ಈ ವಿದ್ಯೆ ಅಂಗಡಿಯಲ್ಲಿ ನಡೆಯುತ್ತದೆ, ಊಟದ ಮುಂದೆ ನಡೆಯುತ್ತದೆಯೇ? ಒಮ್ಮೆ ಅತ್ತೆ ಕಡಲೆಹಿಟ್ಟಿನ ಜುಣಕಕ್ಕೆ ಎರಡು ಸಲ ಉಪ್ಪು ಹಾಕಿದಳು. ಮಾಮಾ ತುತ್ತು ಹಿಡಿದು ಧ್ಯಾನಕ್ಕೆ ಕೂತ.

“ಉಪ್ಪು ಇರ್ಲಿ. ಹಾಕೂವಾಗ ನಿನ್ನ ಲಕ್ಷ್ಯ ಎಲ್ಲಿತ್ತು, ಅದನ್ನ ನೋಡು.”

“ನಿಮ್ಮ ತಲಿ ಮ್ಯಾಲಿತ್ರಿ, ಸೌಟು ಎಲ್ಲಿ ಬಡೀಲಿ ಅಂತ!”

ಅವತ್ತು ಬುಡದ ತನಕ ಹೋಗದೆ ಅರ್ಧದಲ್ಲೇ ಎದ್ದ.

ಮೊನ್ನೆ ಅಪ್ಪ ಅಂಗಡಿಗೇ ಬಂದ. ನಾನು ಮೋಟಾರು ಟೆಸ್ಟಿಗೆ ಜೋಡಿಸುತ್ತಿದ್ದೆ.

“ಹುಡುಗಿ ಮೋಟಾರ್ ಬಿಚ್ಚತಾಳಂದ್ರ ಮಂದಿ ಏನಂದಾರು? ನಾಳಿಂದ ಬರೂದಿಲ್ಲ ಈಕಿ!”

“ಬರಾಕೀನs! ಮಂದಿ ಮೋಟಾರ್ ಸುಟ್ರ ಯಾರ ಕಡೆ ಬರ್ತಾರ, ಕೇಳು!” ನಾನೇನು ಕಡಿಮೆಯೇ?

ಮಾಮಾ ಅಪ್ಪನ ಕಣ್ಣನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ಬೋರ್ಡಿನಿಂದ ಮೂರೂ ಫ್ಯೂಜು ಕಿತ್ತು ಅಪ್ಪನ ಕೈಯಲ್ಲಿಟ್ಟ.

“ದಾಜೀ, ಇವು ನಿಮ್ಮ ಕೈಯಾಗ ಇರ್ಲಿ, ಇವಿಲ್ಲದ ಕರೆಂಟ್ ಬರೂದಿಲ್ಲ. ಬಂದಾಗಿಂದ ನೀವು ಹುಡುಗಿನ್ನ ನೋಡೇ ಇಲ್ಲ, ಮೇನ್ ಬೋರ್ಡ್ ನೋಡಾಕತ್ತೀರಿ. ಈಗ ಕುಂದರ್ರಿ.”

ಅಪ್ಪ ಮುಷ್ಟಿ ಬಿಗಿದು ಹಿಡಿದ. ಸ್ಟೂಲಿನ ಮೇಲೆ ಕೂತ.

“ನನ್ನ ತಮ್ಮಗ ಕರೆಂಟ್ ಹಿಡದಾಗ ನಾ ಬಾಜೂಕs ಇದ್ದೆ. ಮೇನ್ ಎಲ್ಲೈತಿ ಅಂತ ನನಗ ಗೊತ್ತಿದ್ದಿಲ್ಲ.”

ನಾನು ಹುಟ್ಟುವ ಮೊದಲೇ ತೀರಿಕೊಂಡ ಕಾಕಾ. ‘ಹೊಲದಾಗ ಹೋದ’ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಎರಡು ತಿಂಗಳು ಅಪ್ಪನ ಒಂದೊಂದು ಮಾತಿಗೂ ಉತ್ತರ ಹುಡುಕಿದವಳು ನಾನು, ಅವನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಅಂಗಡಿ ಬಿಟ್ಟೆನೇ? ಬಿಡಲಿಲ್ಲ, ಬಿಡುವುದೂ ಇಲ್ಲ! ಆದರೆ ಈಗ ಟೆಸ್ಟಿಂಗ್ ಇದ್ದ ದಿನ ಅಪ್ಪನೂ ಬರುತ್ತಾನೆ. ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತು, ಒಂದಲ್ಲ ಮೂರು ಸಲ ಕೇಳುತ್ತಾನೆ: “ಕೈ ತಗದೀ ಏನ್ಬೇ? ಹಾಕ್ಲ್ಯಾ?”

ನಿಮ್ಮ ಮನೆಯಲ್ಲಿ ಯಾರ ಸಿಟ್ಟಿನ ಬುಡದಲ್ಲಿ ಏನು ಸಿಕ್ಕಿತು? ನನಗೂ ಬರೆದು ತಿಳಿಸಿ.