ಗಾದಿ ತೆಗೆದು ಕುರ್ಚಿ ಹಾಕಿದ್ದು

ಹೊಸ ಪುಸ್ತಕ ಓದಿ ಮುಗಿಸಿದ ಮನುಷ್ಯನನ್ನು ಮನೆಯವರು ದೂರದಿಂದಲೇ ಗುರುತಿಸುತ್ತಾರೆ. ಕಾದಂಬರಿ ಓದಿದವನು ಊಟಕ್ಕೆ ಕರೆದರೆ ಜಲ್ದಿ ಏಳುವುದಿಲ್ಲ. ಪುರಾಣ ಓದಿದವನು ಉಪವಾಸ ಹಿಡಿಯುತ್ತಾನೆ. ವ್ಯಾಪಾರದಲ್ಲಿ ಮುಂದೆ ಬರುವುದು ಹೇಗೆ ಎಂಬ ಪುಸ್ತಕ ಓದಿದವನ ಲಕ್ಷಣವೇ ಬೇರೆ. ಅವನು ಯಾವ ಸಾಮಾನನ್ನೂ ಇದ್ದ ಜಾಗದಲ್ಲಿ ಇರಗೊಡುವುದಿಲ್ಲ. ನಾನು ಈ ಕೊನೆಯ ಪಂಗಡದವನು. ಗದಗ ಸ್ಟೇಷನ್ನಿನ ಪುಸ್ತಕದಂಗಡಿಗೆ ಮುಂಬೈಯಿಂದ ಹೊಸ ಕಟ್ಟು ಬಂದಿದೆ ಎಂಬ ಖಬರು ಕಿವಿಗೆ ಬಿದ್ದರೆ ಸಾಕು, ನನ್ನ ಹೆಂಡತಿ ನೀಲವ್ವ ಕಪಾಟಿನ ಗಾಜಿನ ಸಾಮಾನನ್ನೆಲ್ಲ ತೆಗೆದು ಟ್ರಂಕಿನಲ್ಲಿ ಇಟ್ಟುಬಿಡುತ್ತಿದ್ದಳು.

ಅದು ಕರ್ನಾಟಕ ಒಂದಾದ ವರ್ಷ. ಏನು ಹುರುಪು, ಏನು ಸಂಭ್ರಮ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತವರೂ ನಾಡು ಕಟ್ಟುವ ಮಾತೇ ಆಡುತ್ತಿದ್ದರು. ಅಂಥ ಗಾಳಿ ಬೀಸುವಾಗ ನಾನೊಬ್ಬ ಸುಮ್ಮನೆ ಕೂಡುವುದು ಹೇಗೆ? ಒಂದೇ ಸಲಕ್ಕೆ ಮೂರು ಇಂಗ್ಲಿಷ್ ಪುಸ್ತಕ ಕೊಂಡು ತಂದೆ. ಒಂದು ಮುಂದಾಳಾಗುವುದು ಹೇಗೆ ಎಂಬುದು, ಇನ್ನೊಂದು ತಲೆಯಲ್ಲಿ ಹೊಸ ಯೋಚನೆ ಹುಟ್ಟಿಸುವ ಬಗೆ, ಮತ್ತೊಂದು ಬರಿಗೈಯಿಂದ ಉದ್ಯಮ ಕಟ್ಟುವ ವಿಚಾರ. ಮೆಟ್ರಿಕ್‌ವರೆಗೆ ಓದಿದ ನನಗೆ ಆ ಇಂಗ್ಲಿಷು ಅರ್ಧ ತಿಳಿಯಿತು. ತಿಳಿಯದೆ ಉಳಿದ ಅರ್ಧವೇ ನನ್ನನ್ನು ಹೆಚ್ಚು ಹುರಿದುಂಬಿಸಿತು ಎಂದು ಈಗ ಅನಿಸುತ್ತದೆ.

ನಮ್ಮದು ಅಪ್ಪನ ಕಾಲದ ಜವಳಿ ಅಂಗಡಿ. ಬೆಟಗೇರಿ ಮಗ್ಗದ ಸೀರೆ, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಪ್ಪಸದ ಕಣ. ಒಳಗೆ ಗೋಡೆಯಿಂದ ಗೋಡೆಗೆ ಹತ್ತಿಯ ಗಾದಿ, ಅದರ ಮೇಲೆ ಬಿಳಿಯ ಹಾಸು. ಲಕ್ಷ್ಮೇಶ್ವರದವರು ಒಬ್ಬ ರಾಜನ ಪ್ರಜೆ, ಶಿರಹಟ್ಟಿಯವರು ಇನ್ನೊಬ್ಬ ರಾಜನ ಪ್ರಜೆ, ಮುಂಡರಗಿಯವರು ಮುಂಬೈ ಸರ್ಕಾರದವರು ಆಗಿದ್ದ ಕಾಲದಲ್ಲೂ ಎಲ್ಲರೂ ಆ ಗಾದಿಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಸೀರೆ ಆರಿಸಿದವರೇ. ಏಕೀಕರಣ ನಮ್ಮ ಅಂಗಡಿಯಲ್ಲಿ ಎಂದೋ ಆಗಿಹೋಗಿತ್ತು. ಅದನ್ನು ಒಡೆಯುವ ಕೆಲಸ ನನ್ನ ಪಾಲಿಗೆ ಬಂತು.

ಮುಂದಾಳಿನ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಪರದೇಶದ ಅಂಗಡಿ, ಉದ್ದನೆಯ ಟೇಬಲ್ಲು, ಈಚೆ ಕುರ್ಚಿಗಳಲ್ಲಿ ಗಿರಾಕಿಗಳು, ಆಚೆ ಕೋಟು ಹಾಕಿಕೊಂಡು ನಗುತ್ತ ನಿಂತ ಮಾಲೀಕ. ಆ ಚಿತ್ರವನ್ನು ನೋಡಿ ನೋಡಿ ನನಗೆ ಹುಚ್ಚೇ ಹಿಡಿಯಿತು. ಬಡಿಗನನ್ನು ಕರೆಸಿ ಈ ಗೋಡೆಯಿಂದ ಆ ಗೋಡೆಗೆ ಟೇಬಲ್ಲು ಬಡಿಸಿದೆ, ಸಾಲಾಗಿ ಕುರ್ಚಿ ಹಾಕಿಸಿದೆ, ಗಾದಿ ಸುತ್ತಿ ಅಟ್ಟಕ್ಕೆ ಏರಿಸಿದೆ.

"ಆ ಗಾದಿ ನಿಮಗೇನ್ ಮಾಡಿತ್ರಿ?" ಎಂದಳು ನೀಲವ್ವ.

"ಗಾದಿ ಮ್ಯಾಲ ಕುಂತ್ರ ನಿದ್ದಿ ಬರತೈತಿ. ಜಗತ್ತು ಮುಂದ ಹೊಂಟೈತಿ."

"ಹೋಗಲಿ ಬಿಡ್ರಿ. ಆ ಜಗತ್ತು ನಮ್ಮಲ್ಲಿ ಸೀರಿ ತಗೊಳಾಕ ಬರೂದಿಲ್ಲ. ನಾಳೆ ಬರಾವ್ರು ಡೋಣಿ ಮಂದಿ."

ಅದು ಖರೆ. ಡೋಣಿ ಎಂಬ ಹಳ್ಳಿಯ ಬಸವ್ವನ ಮನೆಯ ಮದುವೆ ಜವಳಿ ಅಪ್ಪನ ಕಾಲದಿಂದ ನಮ್ಮದೇ ಅಂಗಡಿಯದು. ಈಗ ಮೊಮ್ಮಗಳ ಮದುವೆ. ನಮ್ಮ ಕಡೆ ಮದುವೆಯ ಜವಳಿಯನ್ನು ಒಂದೇ ಅಂಗಡಿಯಲ್ಲಿ, ಮನೆಮಂದಿಯೆಲ್ಲ ಬಂದು, ದಿನವಿಡೀ ಕೂತು ತೆಗೆಯುತ್ತಾರೆ. ಬಸವ್ವ ಯಾವ ಅಂಗಡಿಯ ಮೆಟ್ಟಿಲು ಹತ್ತುತ್ತಾಳೋ ಕಪ್ಪತಗುಡ್ಡದ ಸುತ್ತಿನ ಅವಳ ಬೀಗರು ಬಿಜ್ಜರೆಲ್ಲ ಅದೇ ಅಂಗಡಿಗೆ ಹತ್ತುತ್ತಾರೆ. ಎದುರಿನ ಅಂಗಡಿಯವನು ಆ ಮುದುಕಿಯ ಮೇಲೆ ಬಹಳ ವರ್ಷದಿಂದ ಕಣ್ಣಿಟ್ಟಿದ್ದ. ಅವಳು ಕೈಬಿಟ್ಟರೆ ನಾನು ಸೀರೆಗಳನ್ನು ನೀಲವ್ವನಿಗೇ ಮಾರಬೇಕಾಗುತ್ತಿತ್ತು.

ಮರುದಿನ ಡೋಣಿಯ ಎತ್ತಿನ ಚಕ್ಕಡಿ ಬಂದು ನಿಂತಿತು. ನಾನು ಕೋಟು ಹಾಕಿಕೊಂಡು ಟೇಬಲ್ಲಿನ ಹಿಂದೆ ಸಿದ್ಧ. ಬಸವ್ವ, ಅವಳ ಸೊಸೆಯಂದಿರು, ಹೆಣ್ಣುಮಕ್ಕಳು, ಮದುವಣಗಿತ್ತಿ ಒಳಗೆ ಬಂದು ಅಲ್ಲೇ ತಡೆದು ನಿಂತರು. "ಕುಂಡ್ರಿ, ಕುಂಡ್ರಿ" ಎಂದೆ. ಬಸವ್ವ ಕುರ್ಚಿಯ ತುದಿಗೆ ಕೂತಳು. ಉಳಿದವರು ಸೆರಗು ಸರಿಪಡಿಸಿಕೊಂಡು ನಿಂತೇ ಇದ್ದರು. ಅತ್ತೆಯ ಸಮಕ್ಕೆ ಕುರ್ಚಿ ಏರಿ ಕೂಡುವ ಸೊಸೆ ಡೋಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಗಾದಿಯ ಮೇಲಾದರೆ ಎಲ್ಲರದೂ ನೆಲವೇ, ಯಾರು ಯಾರಿಗೂ ಸಂಕೋಚಪಡಬೇಕಿರಲಿಲ್ಲ. ಸ್ವಲ್ಪ ಹೊತ್ತಿಗೆ "ಇವ್ರೆಲ್ಲಾ ನಿಂತಿರೂವಾಗ ನಾ ಒಬ್ಬಾಕಿ ಹೆಂಗ ಕುಂಡ್ರಲಿ" ಎಂದು ಬಸವ್ವನೂ ಎದ್ದಳು. ಅಂಗಡಿಯ ತುಂಬ ಕುರ್ಚಿ, ಎಲ್ಲರೂ ನಿಂತಿದ್ದೇವೆ. ಗಿರಾಕಿ ಮಾತಾಡದಿದ್ದರೆ ನಗಬೇಕೆಂದು ಪುಸ್ತಕದಲ್ಲಿತ್ತು. ನಕ್ಕೆ. ಅವರು ಮುಖ ಮುಖ ನೋಡಿಕೊಂಡರು. ಇನ್ನಷ್ಟು ನಕ್ಕೆ. ಬಸವ್ವ ಒಳಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ಯಾಕವಾ ನೀಲವ್ವಾ, ಸಾವಕಾರಗ ಆರಾಮ ಇಲ್ಲೇನು?" ಎಂದು ಮೆಲ್ಲಗೆ ಕೇಳಿದಳು.

ಆಮೇಲೆ ಸೊಸೆಯಂದಿರಿಗೆ, "ನಡೀರಿ ಹೊರಗ" ಎಂದಳು. ಎದುರಿನವನು ಆಗಲೇ ತನ್ನ ಗಾದಿಯ ಹಾಸನ್ನು ಕೈಯಿಂದ ಬಡಿದು ಸರಿಮಾಡುತ್ತಿದ್ದ. ಆದರೆ ಬಸವ್ವ ಬೀದಿ ದಾಟಲಿಲ್ಲ. ಚಕ್ಕಡಿಯ ಕಂಬಳಿ ತರಿಸಿ ನಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹಾಸಿ, ಎಲ್ಲರನ್ನೂ ಕೂಡಿಸಿಕೊಂಡು ಕೂತಳು.

"ತಮ್ಮಾ, ನಿಮ್ಮಪ್ಪನ ಮಾರಿ ನೋಡಿ ಕುಂತೀನಿ. ನಿನ್ನ ಟೇಬಲ್ ಒಳಗ ಇರಲಿ, ಸೀರಿ ಇಲ್ಲಿಗೆ ತಾ."

ಆ ದಿನದ ನನ್ನ ಅವಸ್ಥೆ ಏನು ಹೇಳಲಿ. ಟೇಬಲ್ಲು ಗೋಡೆಯಿಂದ ಗೋಡೆಗೆ ಇತ್ತಲ್ಲ, ಮಾಲೀಕ ಈಚೆ ಬರುವುದು ಹೇಗೆಂದು ಆ ಚಿತ್ರದಲ್ಲಿ ಕಾಣಿಸಿರಲಿಲ್ಲ. ಸೀರೆಯ ಗಂಟು ಎದೆಗವಚಿಕೊಂಡು, ಕೋಟು ಸಮೇತ, ಟೇಬಲ್ಲಿನ ಅಡಿಯಲ್ಲಿ ತೆವಳಿ ಬರುವುದು, ಮತ್ತೆ ತೆವಳಿ ಹೋಗುವುದು. ಆದರೂ ಹೇಳುತ್ತೇನೆ, ಅಷ್ಟು ಖುಷಿಯ ದಿನವನ್ನು ನಾನು ಕಂಡಿಲ್ಲ. ಬಿಸಿಲಲ್ಲಿ ಬಿಚ್ಚಿದ ಸೀರೆಗಳ ಕೆಂಪು, ಹಸಿರು ಬಣ್ಣಗಳು ಕರಿ ಕಂಬಳಿಯ ಮೇಲೆ ಝಗ್ಗೆಂದವು. ಹಾದಿಹೋಕರು ನಿಂತರು. ಸಂತೆಗೆ ಬಂದವರು ಸಂತೆ ಮರೆತು ಕಟ್ಟೆ ಹತ್ತಿದರು. "ಈ ದಡಿ ಬ್ಯಾಡ, ಆ ಸೆರಗು ತಾ" ಎಂಬ ಗದ್ದಲದಲ್ಲಿ ಬಸವ್ವ ಒಂದು ಬೆರಳು ತೋರಿಸಿದರೆ ನಾನು ಓಡುತ್ತಿದ್ದೆ. ಸಂಜೆಗೆ ಜವಳಿ ಮುಗಿದು ನೀಲವ್ವ ಮದುಮಗಳ ಉಡಿ ತುಂಬಿದಳು.

"ನೋಡಿದಿ? ಹೊಸಾ ಯೋಚನೆ ಅಂದ್ರ ಇದು. ಅಂಗಡೀನ ಬೀದಿಗೆ ತಂದೆ" ಎಂದೆ.

"ತಂದ್ರಿ, ಖರೆ. ಮೊಣಕಾಲಿಗೆ ಎಣ್ಣಿ ಹಚ್ಚಿಕೊಳ್ರಿ" ಎಂದಳು. ಮರುದಿನ ನಾನು ಏಳುವ ಮೊದಲೇ ಅಟ್ಟದ ಗಾದಿ ಕೆಳಗಿಳಿದಿತ್ತು.

ಮದುವೆಗೆ ಡೋಣಿಗೆ ಹೋದೆವು. ಉದ್ದನೆಯ ಪಂಕ್ತಿ. ಪಂಚೆ ಎತ್ತಿಕೊಂಡು ಇನ್ನೇನು ಚಕ್ಕಳಮಕ್ಕಳ ಹಾಕಬೇಕು, ಅಷ್ಟರಲ್ಲಿ ಬಸವ್ವನ ದನಿ ಕೇಳಿಸಿತು. "ಏ, ಸಾವಕಾರನ್ನ ನೆಲದ ಮ್ಯಾಲ ಕುಂಡ್ರಿಸಬ್ಯಾಡ್ರಿ. ಅವ್ರಿಗೆ ಕುರ್ಚಿನ ಬೇಕು." ಶಾಲೆಯಿಂದ ತರಿಸಿಟ್ಟಿದ್ದ ಕುರ್ಚಿಯನ್ನು ಪಂಕ್ತಿಯ ನಡುವೆ ಇಟ್ಟು, ತೊಡೆಯ ಮೇಲೆ ಎಲೆ ಕೊಟ್ಟರು. ಮುದುಕಿ ಮರ್ಯಾದೆ ಮಾಡಿದಳೋ ಸೇಡು ತೀರಿಸಿಕೊಂಡಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಳಗೆ ಎಲ್ಲರೂ ಹೆಗಲಿಗೆ ಹೆಗಲು ತಾಗಿಸಿ ನಗುತ್ತ ಉಣ್ಣುತ್ತಿದ್ದರು. ಬಗ್ಗಿಕೊಂಡು ಬಡಿಸುತ್ತ ಬಂದವರ ಕಣ್ಣು ನೆಲದ ಎಲೆಗಳ ಮೇಲೆಯೇ ಇದ್ದು, ಮದುವೆಯೂಟದ ಸಿಹಿ ಮಾದಲಿಯ ಬುಟ್ಟಿ ನನ್ನ ಮೊಣಕಾಲು ದಾಟಿ ಮುಂದೆ ಹೋಯಿತು. ತುಪ್ಪದ ತಂಬಿಗೆಯೂ ಹೋಯಿತು. ಮುಂದಾಳಾದವನು ಎಲ್ಲರಿಗಿಂತ ಎತ್ತರದಲ್ಲಿ, ಒಬ್ಬನೇ ಇರಬೇಕಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದು ಆಗ ಪೂರ್ತಿ ತಿಳಿಯಿತು. ಅಂಥವನ ಎಲೆಗೆ ಮಾದಲಿ ಯಾರು ಬಡಿಸಬೇಕು ಎಂಬುದನ್ನು ಮಾತ್ರ ಆ ಪುಸ್ತಕದವರು ಬರೆದಿರಲಿಲ್ಲ.