ರೇಕಿಗೂ ಮುಯ್ಯಾಳು

“ಕೈ ಇಟ್ಟು ನೋವು ವಾಸಿ ಮಾಡೋದನ್ನ ಕಲಿಸ್ತಾರಲ್ಲ, ಆ ಮನೆ ಯಾವ ಕಡೆ?” ಎಂದು ಆಟೋದಿಂದ ತಲೆ ಹೊರಹಾಕಿ ಕೇಳಿದೆ. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿದು ಹಿಡಿದ ಆಟೋ ಅದು. ಆಟೋದವನಿಗೂ ದಾರಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಭಾಷೆ ಬಾರದ ದೇಶಗಳಲ್ಲಿ ರೈಲು ಬದಲಾಯಿಸಿ ಸರಿಯಾದ ಊರು ಸೇರಿದವಳು ನಾನು. ದಾರಿ ತಪ್ಪುವುದು ಮಾತ್ರ ಯಾವಾಗಲೂ ಸ್ವಂತ ಜಿಲ್ಲೆಯಲ್ಲೇ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಆಗದ ವಾರ ಮನೆಯಲ್ಲೇ ಬಿದ್ದಿದ್ದೆ ಎಂದರ್ಥ.

ರಸ್ತೆ ಬದಿಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬರು ನಿಧಾನವಾಗಿ ಹತ್ತಿರ ಬಂದರು. “ಅಲ್ಲಿಗೋಗೋರೆಲ್ಲ ಮೊದ್ಲು ಇಲ್ಲಿಗೇ ಬತ್ತಾರೆ ಮೇಡಮ್ಮೋರೆ. ಆಯಮ್ಮ ಬೋರ್ಡ್ ಹಾಕ್ಸಲ್ವಂತೆ. ಬೇಕಾದೋರಿಗೆ ಶಕ್ತಿನೇ ದಾರಿ ತೋರುಸ್ತದಂತೆ.”

“ಯಾವ ಶಕ್ತಿ?”

“ಇನ್ಯಾವ್ದು, ನಾನೇ. ಎಡಕ್ಕೋಗಿ.”

ಮೊದಲು ಕೈ ಎತ್ತಿ

ಅಷ್ಟು ದೂರ ಹೋದದ್ದು ನನ್ನ ಬಲಭುಜಕ್ಕಾಗಿ. ಎತ್ತಿದ ತೋಳು ಕಿವಿಯ ಕೆಳಗೇ ನಿಂತುಬಿಡುತ್ತಿತ್ತು. ಬಸ್ಸಿನ ಮೇಲಿನ ಕಂಬಿಗೆ ಬ್ಯಾಗ್ ಏರಿಸಲಾಗದವಳು ಪ್ರಯಾಣ ಮಾಡುವುದು ಹೇಗೆ? ಪ್ರಯಾಣವಿಲ್ಲದೆ ನಾನು ಬದುಕುವುದು ಹೇಗೆ? ಮೈಸೂರಿನ ಡಾಕ್ಟರು “ಫ್ರೋಜನ್ ಶೋಲ್ಡರ್” ಎಂದು ಹೆಸರಿಟ್ಟು, ಗೋಡೆಯ ಮೇಲೆ ಬೆರಳಿನಿಂದ ನಡೆಯುತ್ತ ಕೈ ಏರಿಸುವ ವ್ಯಾಯಾಮ ಹೇಳಿದ್ದರು. ಎಲ್ಲೆಲ್ಲೋ ಬೆಟ್ಟ ಹತ್ತಿದವಳಿಗೆ ಗೋಡೆ ಹತ್ತಲು ಬೇಜಾರು. ಆದ್ದರಿಂದ ರೇಕಿ. ಈ ವಿದ್ಯೆ ಹುಟ್ಟಿದ ಜಪಾನಿಗೆ ನಾನು ಹೋಗಿ ಬಂದಿದ್ದೇನೆ. ಅಲ್ಲಿ ನೂಡಲ್ಸ್ ತಿಂದು ವಾಪಸು ಬಂದು, ರೇಕಿ ಕಲಿಯಲು ಎಚ್.ಡಿ. ಕೋಟೆಗೆ ಹೋದೆ.

ಗುರುಗಳು ನಿವೃತ್ತ ಹೈಸ್ಕೂಲ್ ಮೇಡಂ; ಎದುರಿಗೆ ಸಾಲಾಗಿ ಕೂತ ನಾವೊಂದಷ್ಟು ಶಿಷ್ಯರು. “ಅಂಗೈಯನ್ನು ಮೈಮೇಲೆ ಹಗುರವಾಗಿ ಇಟ್ಟುಕೊಂಡು ಸುಮ್ಮನೆ ಕೂರುವುದು, ಅಷ್ಟೇ. ಮನಸ್ಸು ತಣ್ಣಗಾಗುತ್ತೆ, ನಿದ್ದೆ ಬರುತ್ತೆ. ಡಾಕ್ಟರು ಹೇಳಿದ್ದನ್ನು ಮಾತ್ರ ಬಿಡಬೇಡಿ,” ಎಂದರು. ಕೊನೆಯ ವಾಕ್ಯವನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

“ಈಗ ಎರಡೂ ಕೈ ನೆತ್ತಿಯ ಮೇಲೆ.”

ಎಡಗೈ ಹೋಯಿತು. ಬಲಗೈ ಗಲ್ಲದ ಹತ್ತಿರ ನಿಂತಿತು. ಕೈ ಎತ್ತಲಾಗದ ರೋಗಕ್ಕೆ ಮೊದಲು ಕೈ ಎತ್ತಿ ಎನ್ನುವ ಚಿಕಿತ್ಸೆ. ಮೇಡಂ ಮಕ್ಕಳನ್ನು ಗದರಿಸಿ ಅಭ್ಯಾಸವಾದ ದನಿಯಲ್ಲಿ, “ಪರವಾಗಿಲ್ಲ, ಸಿಕ್ಕಿದ ಕಡೆ ಇಡಿ,” ಎಂದರು. ಕಣ್ಣು ಮುಚ್ಚಿದೆ. ತೆರೆದಾಗ ಉಳಿದವರೆಲ್ಲ ಟೀ ಕುಡಿಯುತ್ತಿದ್ದರು.

“ನಿಮಗೆ ವಿದ್ಯೆ ಬಹಳ ಬೇಗ ಹತ್ತಿತು,” ಎಂದರು ಮೇಡಂ. “ಕಡೇ ಸಾಲಿನವರಿಗೂ ಕೇಳಿಸ್ತು, ಗೊರಕೆ.”

ಸುಳ್ಳಲ್ಲ, ಅಂದಿನಿಂದ ನಿದ್ದೆ ಚೆನ್ನಾಗಿ ಬರತೊಡಗಿತು. ಕೋಪವೂ ಕಡಿಮೆಯಾಯಿತು. ಭುಜ ಮಾತ್ರ ಇದ್ದಲ್ಲೇ ಇತ್ತು. ಅದರ ಮೇಲೆ ನನಗೆ ಕೋಪ ಬರುತ್ತಿರಲಿಲ್ಲ, ಅಷ್ಟೇ.

ದೊಡ್ಡವ್ವನ ಮಂಡಿ

ಹುಣಸೂರಿನ ಹತ್ತಿರದ ಹಳ್ಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತದೆ, ನಾನೂ ಹಾಗೇ. ಅವರಿಗೆ ಮಂಡಿನೋವು. ಅರ್ಧ ವಿದ್ಯೆ ಕಲಿತವರಿಗೆ ಇನ್ನೊಬ್ಬರ ಮಂಡಿ ಕಂಡರೆ ಸುಮ್ಮನಿರಲಾಗುವುದಿಲ್ಲ. ಜಗಲಿಯ ಮೇಲೆ ಕೂರಿಸಿ ಅರ್ಧ ಗಂಟೆ ಕೈ ಇಟ್ಟೆ.

“ಹೇಗನಿಸ್ತು ದೊಡ್ಡವ್ವ?”

“ನೋವು ಅಲ್ಲೇ ಅದೆ ಕಣವ್ವ. ಆದ್ರೂ ಚೆಂದಾಗಿತ್ತು ಬುಡು. ಮದ್ವೆ ಆಗಿ ಬಂದಾಗ್ಲಿಂದ ಈ ಜಗ್ಲಿ ಮ್ಯಾಲೆ ಇಷ್ಟೊತ್ತು ನನ್ನ ಯಾರೂ ಕೂರಕ್ಕೆ ಬುಟ್ಟಿರ್ನಿಲ್ಲ. ಎಷ್ಟು ಕೊಡ್ಲಿ?”

“ದುಡ್ಡು ಬೇಡ. ಆದರೆ ರೇಕಿಯನ್ನ ಪುಕ್ಕಟೆ ತಗೋಬಾರದು ಅಂತಾರೆ ನಮ್ಮ ಮೇಡಂ. ಪ್ರತಿಯಾಗಿ ಏನಾದರೂ ಕೊಟ್ಟರೆ ಸಾಕು.”

“ಓ, ಮುಯ್ಯಾಳು ಅನ್ನು,” ಎಂದರು. ಇವತ್ತು ನಿಮ್ಮ ಹೊಲಕ್ಕೆ ನಾನು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀವು ಬರಬೇಕು ಎಂಬ ಹಳ್ಳಿಯ ಪದ್ಧತಿ. ಜಪಾನಿನ ತತ್ವ ಇಷ್ಟು ಸಲೀಸಾಗಿ ಕನ್ನಡಕ್ಕೆ ಬಂದದ್ದು ನೋಡಿ ನನಗೆ ಹೆಮ್ಮೆಯಾಯಿತು.

ಮರುದಿನ ಪೇಟೆಗೆ ಹೋಗಿ ಮಧ್ಯಾಹ್ನ ಬಂದರೆ ದೊಡ್ಡವ್ವ ನನ್ನ ಹಿತ್ತಿಲಲ್ಲಿ ಬೆವರೊರೆಸಿಕೊಳ್ಳುತ್ತಿದ್ದರು. ಎಲ್ಲೆಲ್ಲಿಂದಲೋ ತಂದು ನೆಟ್ಟಿದ್ದ ರೋಸ್‌ಮೆರಿ, ಲ್ಯಾವೆಂಡರ್, ನಿಂಬೆಹುಲ್ಲು ಎಲ್ಲ ಬೇರುಸಮೇತ ಗುಡ್ಡೆಯಾಗಿದ್ದವು.

“ಕಳೆ ಎಲ್ಲ ಕಿತ್ತಾಕಿವ್ನಿ. ಎಷ್ಟು ಬೆಳ್ದಿತ್ತು ಅಂತೀಯ,” ಎಂದರು. ನಾನು ರೇಕಿ ಕಲಿತದ್ದು ಸಾರ್ಥಕವಾದ ಕ್ಷಣವಿದ್ದರೆ ಅದೇ: ಕೂಗಲಿಲ್ಲ. ಅವರೇ ಮುಂದುವರಿಸಿದರು: “ನೀನು ಕೂತ್ಕಂಡು ಮಾಡ್ದೆ, ಅರ್ಧ ಗಂಟೆ. ನಾನು ಬಗ್ಗಿ ಮಾಡ್ದೆ, ಮದ್ಯಾನಗಂಟ. ಮಿಕ್ಕಿದ್ದು ನಿನ್ ಮ್ಯಾಲದೆ.”

ಸೊಪ್ಪಿನ ಬಾಕಿ

ಬಾಕಿ ತೀರಿಸುವ ಕಾಲ ಹೊಗೆಸೊಪ್ಪು ಮುರಿಯುವಾಗ ಬಂತು. ಸೊಪ್ಪನ್ನು ದಾರದಲ್ಲಿ ಕಡ್ಡಿಗೆ ಕಟ್ಟಬೇಕು, ಆ ಕಡ್ಡಿಗಳನ್ನು, ಬಿಸಿ ಕೊಟ್ಟು ಸೊಪ್ಪು ಬೇಯಿಸುವ ‘ಬ್ಯಾರನ್’ ಮನೆಯೊಳಗೆ ಅಟ್ಟಣೆಯ ಮೇಲೆ ನಿಂತವರ ಕೈಗೆ ಎತ್ತಿ ಕೊಡಬೇಕು.

“ದೊಡ್ಡವ್ವ, ನನ್ನ ಕೈ ಏಳಲ್ಲ.”

“ನಿನ್ ಕೈಯಾಗೆ ಸಕ್ತಿ ಅದೆ ಅಂದೋಳು ನೀನೇ ತಾನೆ?”

ಸೊಪ್ಪಿನ ಅಂಟು ಬೆರಳಿಗೆ ಮೆತ್ತಿ, ನನ್ನ ಪವಿತ್ರ ಹಸ್ತ ಕಪ್ಪಾಯಿತು. ನಾನು ಎತ್ತಿದ ಕಡ್ಡಿ ಅರ್ಧಕ್ಕೇ ನಿಂತಾಗ ಅಟ್ಟಣೆ ಮೇಲಿದ್ದ ದೊಡ್ಡವ್ವನ ಮಗ, “ಮೇಡಂ, ಇನ್ ಒಸಿ ಮೇಲೆ. ನಾನೇ ಇಳ್ದು ಬಂದ್ರೆ ಅದು ಬ್ಯಾರನ್ ತುಂಬ್ದಂಗಾಯ್ತದಾ?” ಎನ್ನುತ್ತಿದ್ದ. ನಾಚಿಕೆಗೆ ಅಂದು ಸಂಜೆಯೇ ಡಾಕ್ಟರ ವ್ಯಾಯಾಮ ಶುರುಮಾಡಿದೆ. ಬೆಳಿಗ್ಗೆ ಗೋಡೆ, ಹಗಲು ಕಡ್ಡಿ, ಮಲಗುವ ಮುಂಚೆ ರೇಕಿ. ಹೀಗೆ ಸೊಪ್ಪಿನ ಕೆಲಸ ಮುಗಿಯುವವರೆಗೂ ನಡೆಯಿತು. ಏಕೆಂದರೆ ನನ್ನ ಒಂದು ದಿನದ ಕೆಲಸವನ್ನು ದೊಡ್ಡವ್ವ ಎಂದೂ ಒಂದು ದಿನ ಎಂದು ಒಪ್ಪಲೇ ಇಲ್ಲ.

ಸೊಪ್ಪು ಮುಗಿದ ಮೇಲೆ ಅವರು ಮಂಡಿ ತೋರಿಸಲು ಮೈಸೂರಿಗೆ ಹೊರಟರು, ಜೊತೆಗೆ ನಾನು. ಬಸ್ಸಿನಲ್ಲಿ ಅವರ ಚೀಲ ದಾರಿಗಡ್ಡ ಇತ್ತು. ಏನೂ ಯೋಚಿಸದೆ ಎತ್ತಿ ಮೇಲಿನ ಕಂಬಿಗಿಟ್ಟೆ. ಇಟ್ಟ ಮೇಲೆ ನೋಡಿಕೊಂಡೆ: ಬಲಗೈ. ತಲೆಗಿಂತ ಮೇಲೆ. ಇಳಿಸಲು ಮನಸ್ಸಾಗದೆ ಕಂಬಿ ಹಿಡಿದು ನಿಂತೇ ಇದ್ದೆ.

“ತೀರ್ತು ನಿನ್ ಮುಯ್ಯಿ. ಕೂತ್ಕಾ,” ಎಂದರು ದೊಡ್ಡವ್ವ.

ಪಕ್ಕದಲ್ಲಿ ಕೂತೆ. ಅಭ್ಯಾಸಬಲ, ನನ್ನ ಕೈ ತಾನಾಗಿ ಅವರ ಮಂಡಿಯ ಮೇಲೆ ಹೋಯಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮಡಿಲಿಗೇ ವಾಪಸಿಟ್ಟರು.

“ಕೈ ತಗಿಯವ್ವ. ಈಗ ತಾನೆ ತೀರ್ತು, ಮತ್ತೆ ಸುರು ಮಾಡ್ಬ್ಯಾಡ.”